ಅಮೆರಿಕದಲ್ಲಿ 40 ವರ್ಷದ ಮೇಲೆ ನೀರಲ್ಲಿ ಕಾರು ಸಿಕ್ಕಿತು, ನಮ್ಮ ಚಿಕ್ಕಪ್ಪನ ಕಾರೂ ಹಾಗೇ ಇರಬಹುದಾ?

ಪ್ರಶ್ನೆ: ಸರ್, ನಾವು ಕೆ.ಆರ್. ಪೇಟೆ ಕಡೆಯವರು. 1998ರ ಆಗಸ್ಟ್‌ನಲ್ಲಿ ನಮ್ಮ ಚಿಕ್ಕಪ್ಪ ಒಂದು ರಾತ್ರಿ ಊಟ ಮಾಡಿ, ಪಾಂಡವಪುರದ ಮೇಲೆ ಮೈಸೂರಿಗೆ ಹೋಗುತ್ತೇನೆ ಅಂತ ತಮ್ಮ ಮಾರುತಿ 800ರಲ್ಲಿ ಹೊರಟರು. ಮೈಸೂರು ತಲುಪಲಿಲ್ಲ. ಅವರೂ ಸಿಗಲಿಲ್ಲ, ಕಾರೂ ಸಿಗಲಿಲ್ಲ. ಸ್ಟೇಷನ್‌ನಲ್ಲಿ ಮಿಸ್ಸಿಂಗ್ ಕಂಪ್ಲೇಂಟ್ ಕೊಟ್ಟಿದ್ದೆವು. ಸಾಲ ಮಾಡಿ ಓಡಿಹೋದರು ಅಂತ ಊರಲ್ಲಿ ಕೆಲವರು ಅಂದರು. ವ್ಯಾಪಾರದಲ್ಲಿ ಪಾಲುದಾರನಾಗಿದ್ದವನೇ ಏನೋ ಮಾಡಿದ್ದಾನೆ ಅಂತ ನಮ್ಮ ಮನೆಯವರು ಇವತ್ತಿಗೂ ನಂಬಿದ್ದಾರೆ. ಅವರ ಮನೆಗೂ ನಮ್ಮ ಮನೆಗೂ ಮಾತಿಲ್ಲ. ಈಚೆಗೆ ಅಮೆರಿಕದ ಡೈವರ್‌ಗಳು ಕೆರೆ, ಹೊಳೆಗಳಲ್ಲಿ ಹಳೇ ಕಾರು ಹುಡುಕಿ, ಎಷ್ಟೋ ವರ್ಷದ ಹಿಂದೆ ಕಾಣೆಯಾದವರನ್ನು ಪತ್ತೆ ಮಾಡುವ ವಿಡಿಯೋ ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ. ನಮ್ಮ ಚಿಕ್ಕಪ್ಪನ ಕಾರು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದಿರಬಹುದಾ? ಇಷ್ಟು ವರ್ಷ ಯಾರಿಗೂ ಕಾಣದೆ ಇರುತ್ತದಾ? ಇದ್ದರೂ ಈಗ ಏನು ಉಳಿದಿರುತ್ತದೆ? ನೀರಿನ ತಳ ನೋಡುವ ಸೋನಾರ್ ಯಂತ್ರ ಹಾಕಿ ಹುಡುಕಿಕೊಡುತ್ತೇವೆ ಅಂತ ಒಬ್ಬರು ದೊಡ್ಡ ಮೊತ್ತ ಕೇಳಿದ್ದಾರೆ, ಕೊಡಬಹುದಾ? ಅಪ್ಪನಿಗೆ ವಯಸ್ಸಾಗಿದೆ. ಇದನ್ನೆಲ್ಲ ಅವರ ಹತ್ತಿರ ಎತ್ತಬೇಕಾ ಬೇಡವಾ ಗೊತ್ತಾಗುತ್ತಿಲ್ಲ.

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಕಾರು ನೀರಲ್ಲಿ ಇರಬಹುದು. ಆದರೆ ವಿ.ಸಿ. ನಾಲೆಯಲ್ಲಿ ಇರುವ ಸಾಧ್ಯತೆ ತುಂಬಾ ಕಮ್ಮಿ. ಹಣ ಕೇಳಿದವರಿಗೆ ಈಗಲೇ ಒಂದು ರೂಪಾಯಿಯನ್ನೂ ಕೊಡಬೇಡಿ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ನಾನು ಬಂದರು, ಜಲಾಶಯಗಳ ತಳವನ್ನು ಸೋನಾರ್‌ನಿಂದ ಸರ್ವೆ ಮಾಡುವ ಕೆಲಸದವನು. ಹೂಳು ಎಷ್ಟು ತುಂಬಿದೆ, ತಳದಲ್ಲಿ ಏನಿದೆ ಅಂತ ನೋಡುವುದೇ ನಮ್ಮ ದಿನದ ಕೆಲಸ. ಮುಳುಗಿದ ದೋಣಿ, ವಾಹನ ಹುಡುಕಲು ಕರೆದಾಗಲೂ ಹೋಗಿದ್ದೇನೆ. ನಾನು ಪೊಲೀಸ್ ಅಲ್ಲ, ವಕೀಲನೂ ಅಲ್ಲ, ಹಾಗಾಗಿ ಕಾನೂನಿನ ವಿಷಯ ನನಗೆ ತಿಳಿದಷ್ಟು ಹೇಳಿ, ಮುಂದಿನದನ್ನು ವಕೀಲರಿಗೆ ಬಿಡುತ್ತೇನೆ.

ನೀವು ನೋಡಿದ ವಿಡಿಯೋಗಳು ಸುಳ್ಳಲ್ಲ. ಇದರಲ್ಲಿ ನನಗೆ ಯಾವತ್ತೂ ಮರೆಯಲಾಗದ್ದು ಒಕ್ಲಹೋಮ ರಾಜ್ಯದ ಫಾಸ್ ಲೇಕ್‌ನದು. 2013ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಹೈವೇ ಪೆಟ್ರೋಲ್ ಪೊಲೀಸರು ಹೊಸದಾಗಿ ಬಂದ ಸೋನಾರ್ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು ಸುಮ್ನೆ ಆ ಕೆರೆಗೆ ಇಳಿದಿದ್ದರು. ಯಾರನ್ನೂ ಹುಡುಕುತ್ತಿರಲಿಲ್ಲ. ಪರದೆ ಮೇಲೆ ಎರಡು ಕಾರು ಕಂಡವು. ಕದ್ದ ಕಾರುಗಳನ್ನು ಯಾರೋ ತಳ್ಳಿರಬೇಕು ಅಂದುಕೊಂಡೇ ಎತ್ತಿದರು. ಒಳಗೆ ಮೂಳೆಗಳಿದ್ದವು. ಒಂದು 1969ರ ಮಾಡೆಲ್ ಕ್ಯಾಮರೊ, 1970ರ ನವೆಂಬರ್‌ನಲ್ಲಿ ಪಕ್ಕದ ಸೇಯರ್ ಊರಿಂದ ಹೊರಟ ಹದಿಹರೆಯದ ಮೂವರು ಅದರಲ್ಲಿದ್ದರು. ಇನ್ನೊಂದು 1950ರ ದಶಕದ ಶೆವರ್ಲೆ. ಅದರಲ್ಲಿದ್ದ ಮೂವರು 1969ರಲ್ಲೇ ಕಾಣೆಯಾಗಿದ್ದವರು. ಎರಡು ಬೇರೆ ಬೇರೆ ಮನೆಗಳ ದುಃಖ, ಎರಡು ಬೇರೆ ಬೇರೆ ವರ್ಷ, ಆದರೆ ಕಾರುಗಳು ಮಾತ್ರ ಒಂದರ ಪಕ್ಕ ಒಂದು, ದಡಕ್ಕೆ ಹತ್ತಿರ, ಸುಮಾರು 12 ಅಡಿ ನೀರಿನಲ್ಲಿ. ಹನ್ನೆರಡೇ ಅಡಿ! ಅದರ ಮೇಲೆ ನಾಲ್ಕು ದಶಕ ಜನ ದೋಣಿ ಓಡಿಸಿದ್ದಾರೆ, ಗಾಳ ಹಾಕಿ ಮೀನು ಹಿಡಿದಿದ್ದಾರೆ. ಅಷ್ಟೂ ವರ್ಷ ಆ ಮಕ್ಕಳ ಬಗ್ಗೆ ಊರಲ್ಲಿ ಕಥೆಗಳಿಗೇನೂ ಬರ ಇರಲಿಲ್ಲ.

ಹಾಗಾದರೆ ಹನ್ನೆರಡು ಅಡಿ ನೀರಲ್ಲಿರುವ ಕಾರು ಕಾಣದೆ ಹೇಗೆ ಇರುತ್ತದೆ? ಎಲ್ಲರೂ ಕೇಳುವ ಪ್ರಶ್ನೆ ಇದು. ಇದರ ಹಿಂದೆ ಮೂರು ತಪ್ಪು ಕಲ್ಪನೆಗಳಿವೆ.

ಮೊದಲನೆಯದು, ಕಾರು ಬಿದ್ದ ಜಾಗದಲ್ಲೇ ಮುಳುಗುತ್ತದೆ ಅನ್ನೋದು. ಇಲ್ಲ. ಗಾಜು ಏರಿಸಿದ್ದರೆ ಕಾರು ಅರ್ಧ ನಿಮಿಷದಿಂದ ಒಂದೆರಡು ನಿಮಿಷ ತೇಲುತ್ತದೆ. ಅಷ್ಟರಲ್ಲಿ ಓಡಿಬಂದ ವೇಗಕ್ಕೆ, ನೀರಿನ ಸೆಳೆತಕ್ಕೆ, ಗಾಳಿಗೆ ದಡದಿಂದ ದೂರ ಸರಿಯುತ್ತದೆ. ಎಂಜಿನ್ ಮುಂದಿರುವುದರಿಂದ ಮೂತಿ ಕೆಳಗಾಗಿ ಮುಳುಗುತ್ತದೆ. ಆಳ ಜಾಸ್ತಿ ಇದ್ದರೆ ಪಲ್ಟಿಯಾಗಿ ಚಾವಣಿ ಕೆಳಗೆ, ಚಕ್ರ ಮೇಲೆ ಮಾಡಿಕೊಂಡು ಕೂರುವುದೂ ಉಂಟು. ಸೋನಾರ್ ಪರದೆಯಲ್ಲಿ ನಾಲ್ಕು ಚಕ್ರದ ಗುರುತು ಕಂಡು ಕಾರು ಅಂತ ಗೊತ್ತಾಗುವುದು ಇದರಿಂದಲೇ. ದಡದಲ್ಲಿ ಉಳಿದ ಟೈರಿನ ಗುರುತು ಒಂದು ಜೋರು ಮಳೆ ಬಂದರೆ ಅಳಿಸಿಹೋಗುತ್ತದೆ.

ಎರಡನೆಯದು, ಹೆಣ ತೇಲಿ ಬಂದೇ ಬರುತ್ತದೆ ಅನ್ನೋ ನಂಬಿಕೆ. ಬರೀ ನೀರಿಗೆ ಬಿದ್ದವರ ವಿಷಯದಲ್ಲಿ ಇದು ಸಾಮಾನ್ಯವಾಗಿ ನಿಜ. ದೇಹದೊಳಗೆ ಗಾಳಿ ತುಂಬಿ ಕೆಲವು ದಿನದಲ್ಲಿ ಮೇಲೆ ಬರುತ್ತದೆ. ಆದರೆ ಕಾರಿನೊಳಗಿನ ದೇಹ ಎಲ್ಲಿಗೆ ಹೋಗಬೇಕು? ಬಾಗಿಲು ಮುಚ್ಚಿರುತ್ತದೆ, ಮೇಲೆ ಚಾವಣಿ ಇರುತ್ತದೆ, ಎಷ್ಟೋ ಸಲ ಬೆಲ್ಟ್ ಹಾಕಿರುತ್ತಾರೆ. ಅಲ್ಲೇ ಉಳಿಯುತ್ತದೆ. ಆಮೇಲೆ ಸಂದಿಗೊಂದಿಯಿಂದ ಹೂಳು ನುಗ್ಗಿ ಒಳಗೆಲ್ಲ ತುಂಬಿಕೊಳ್ಳುತ್ತದೆ. "ಹೆಣ ತೇಲಲಿಲ್ಲ, ಅಂದರೆ ನೀರಿಗೆ ಬಿದ್ದಿಲ್ಲ" ಅಂತ ನಿಮ್ಮ ಮನೆಯಲ್ಲೂ ಯಾರಾದರೂ ಅಂದಿರಬೇಕು. ಆ ಮಾತಿಗೆ ಬೆಲೆ ಕೊಡಬೇಡಿ.

ಮೂರನೆಯದು, ಇಣುಕಿ ನೋಡಿದರೆ ಕಾಣುತ್ತದೆ ಅನ್ನೋದು. ವಿಡಿಯೋಗಳಲ್ಲಿ ಕ್ಯಾಮೆರಾ ಕಾರಿಗೆ ಒಂದು ಗೇಣು ಹತ್ತಿರ ಹೋದ ಮೇಲೆ ತೋರಿಸುತ್ತಾರೆ, ಆದ್ದರಿಂದ ನಮಗೆ ಹಾಗನ್ನಿಸುತ್ತದೆ. ಬಹಳಷ್ಟು ಕೆರೆ, ಹೊಳೆಗಳಲ್ಲಿ ಡೈವರ್‌ಗೆ ತನ್ನ ಕೈಯೇ ಕಾಣುವುದಿಲ್ಲ. ತಡವಿ ನೋಡುತ್ತಾರೆ. ಇದು ಬಂಪರ್, ಇದು ಬಾಗಿಲ ಹಿಡಿ, ಇದು ಗಾಜಿನ ಅಂಚು, ಹೀಗೆ ಬೆರಳಲ್ಲೇ ಓದಬೇಕು. ನಂಬರ್ ಪ್ಲೇಟ್ ಸಿಕ್ಕರೆ ಹೂಳು ಒರೆಸಿ, ಟಾರ್ಚ್ ಅದಕ್ಕೇ ಒತ್ತಿ ಹಿಡಿದು ಒಂದೊಂದೇ ಅಕ್ಷರ ನೋಡಬೇಕು.

ಇನ್ನೊಂದು ಮಾತು. ಕಣ್ಣೆದುರೇ ಇದ್ದರೂ ನೋಡುವವರು ಬೇಕಲ್ವಾ. ಫ್ಲಾರಿಡಾದ ವೆಲಿಂಗ್ಟನ್‌ನಲ್ಲಿ 1997ರ ನವೆಂಬರ್‌ನಲ್ಲಿ ಒಬ್ಬರು ರಾತ್ರಿ ಮನೆಗೆ ಹೊರಟವರು ಕಾಣೆಯಾದರು. 2019ರ ಆಗಸ್ಟ್‌ನಲ್ಲಿ ಅವರ ಬಿಳಿ ಕಾರು ಒಂದು ಬಡಾವಣೆಯ ಹೊಂಡದಲ್ಲಿ ಸಿಕ್ಕಿತು. ಮೊದಲು ಆ ಬಡಾವಣೆಯಲ್ಲಿದ್ದ ಒಬ್ಬರು ಗೂಗಲ್ ಅರ್ಥ್‌ನಲ್ಲಿ ತಮ್ಮ ಹಳೇ ಬೀದಿ ನೋಡುತ್ತಿದ್ದಾಗ ಹೊಂಡದ ಅಂಚಿನಲ್ಲಿ ಕಾರಿನ ಆಕಾರ ಕಂಡಿತು. 2007ರ ಉಪಗ್ರಹ ಚಿತ್ರದಲ್ಲೇ ಅದು ಇತ್ತು. ಮನೆಗಳ ಹಿತ್ತಿಲಿಗೆ ಅಂಟಿಕೊಂಡ ಹೊಂಡ ಅದು.

ಈಗ ನಿಮ್ಮ ಮನೆಯವರ ಅನುಮಾನದ ವಿಷಯಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಸಮಾಧಾನದಿಂದ ಓದಿ.

ಸೌತ್ ಡಕೋಟದಲ್ಲಿ 1971ರ ಮೇ ತಿಂಗಳಲ್ಲಿ 17 ವರ್ಷದ ಇಬ್ಬರು ಹುಡುಗಿಯರು ಒಂದು ಹಳೇ ಸ್ಟುಡಿಬೇಕರ್ ಕಾರಿನಲ್ಲಿ ಶಾಲೆ ಮುಗಿದ ಖುಷಿಗೆ ಗೆಳೆಯರ ಪಾರ್ಟಿಗೆ ಹೊರಟರು. ತಲುಪಲಿಲ್ಲ. ದಶಕಗಳ ಮೇಲೆ ಪೊಲೀಸರಿಗೆ ಆ ಭಾಗದ ಒಬ್ಬನ ಮೇಲೆ ಅನುಮಾನ ಬಂತು. ಅವನು ಬೇರೆ ಅಪರಾಧಕ್ಕೆ ಆಗಲೇ ಜೈಲಿನಲ್ಲಿದ್ದವನು, ಒಳ್ಳೆಯವನೇನೂ ಅಲ್ಲ. ಅವನ ಮನೆಯವರ ಜಮೀನು ಅಗೆದರು. 2007ರಲ್ಲಿ ಕೊಲೆ ಆರೋಪ ಹೊರಿಸಿದರು. ಅವನು ತಪ್ಪೊಪ್ಪಿಕೊಂಡಂತಿದ್ದ ಧ್ವನಿಮುದ್ರಣವೊಂದು ಆಧಾರವಾಗಿತ್ತು. ಅದು ಜೈಲಿನ ಇನ್ನೊಬ್ಬ ಕೈದಿ ಕಟ್ಟಿದ ಸುಳ್ಳು ಅಂತ ಗೊತ್ತಾಗಿ ಮಾರನೇ ವರ್ಷ ಆರೋಪ ಕೈಬಿಟ್ಟರು. 2013ರ ಸೆಪ್ಟೆಂಬರ್‌ನಲ್ಲಿ ಬ್ರೂಲ್ ಕ್ರೀಕ್ ಅನ್ನೋ ಹಳ್ಳದ ನೀರು ಇಳಿದಾಗ ತಲೆಕೆಳಗಾದ ಕಾರೊಂದರ ಚಕ್ರಗಳು ಕಂಡವು. ಹುಡುಗಿಯರು ಹೋಗುತ್ತಿದ್ದ ದಾರಿಯಲ್ಲೇ ಇದ್ದ ಹಳ್ಳ ಅದು. ಕೀ ಆನ್ ಇತ್ತು, ಗೇರ್ ಮೂರನೆಯದರಲ್ಲಿತ್ತು, ಹೆಡ್‌ಲೈಟ್ ಸ್ವಿಚ್ ಆನ್ ಇತ್ತು. ಒಬ್ಬಳ ಪರ್ಸ್, ಅದರೊಳಗಿನ ಲೈಸೆನ್ಸ್ ಕೂಡ ಉಳಿದಿತ್ತು. ಯಾರೂ ಏನೂ ಮಾಡಿರಲಿಲ್ಲ. ಅದು ಅಪಘಾತ ಅಂತ 2014ರಲ್ಲಿ ಅಧಿಕಾರಿಗಳು ಘೋಷಿಸಿದರು.

ನಿಮ್ಮ ಚಿಕ್ಕಪ್ಪನ ಪಾಲುದಾರ ನಿರಪರಾಧಿ ಅಂತ ನಾನು ಹೇಳುತ್ತಿಲ್ಲ. ನನಗೇನು ಗೊತ್ತು? ಆದರೆ ನಿಮ್ಮ ಮನೆಯವರಿಗೂ ಗೊತ್ತಿಲ್ಲ. ಹೀಗೆ ನೀರಲ್ಲಿ ಸಿಕ್ಕ ಕಾರುಗಳಲ್ಲಿ ನನ್ನ ಗಮನಕ್ಕೆ ಬಂದ ಹೆಚ್ಚಿನವು ರಾತ್ರಿ, ತಿರುವು, ಮಳೆ, ತಡೆಗೋಡೆ ಇಲ್ಲದ ದಡ, ಇಷ್ಟರಲ್ಲೇ ಮುಗಿಯುವ ಕಥೆಗಳು. ಒಂದು ಕಥೆಯನ್ನು ಗಟ್ಟಿಯಾಗಿ ನಂಬಿಬಿಟ್ಟರೆ ಹುಡುಕಾಟವೂ ಆ ಕಥೆಯ ಹಿಂದೆಯೇ ಹೋಗುತ್ತದೆ. ಸೌತ್ ಡಕೋಟದಲ್ಲಿ ಹೊಲ ಅಗೆದರು, ದಾರಿಯ ಪಕ್ಕದ ಹಳ್ಳದಲ್ಲಿ ಕಾರು ಹಾಗೇ ಇತ್ತು. ಓಡಿಹೋದರು ಅನ್ನೋ ಮಾತಿಗೂ ಇದೇ ಉತ್ತರ. ಓಡಿಹೋಗುವವನಿಗೆ ಕಾರು ದೊಡ್ಡ ತಲೆನೋವು. ಎಲ್ಲೋ ಒಂದು ಕಡೆ ಬಿಡಬೇಕು ಇಲ್ಲ ಮಾರಬೇಕು, ಎರಡಕ್ಕೂ ಏನಾದರೂ ಗುರುತು ಉಳಿಯುತ್ತದೆ. ಮನುಷ್ಯನೂ ಕಾರೂ ಒಟ್ಟಿಗೆ, ಒಂದು ಸುಳಿವೂ ಇಲ್ಲದೆ ಇಲ್ಲವಾದರೆ ನೀರಿನ ಕಡೆ ನೋಡಲೇಬೇಕು.

ಸರಿ, ಯಾವ ನೀರು? ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದದ್ದು ಇದೇ.

ವಿ.ಸಿ. ನಾಲೆಯ ಮೇಲೆ ನಿಮಗೆ ಅನುಮಾನ ಬಂದದ್ದು ಸಹಜ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ ಅದೇ ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆಮೇಲೂ ಕಾರುಗಳು ಬಿದ್ದಿವೆ. ನಾಲೆಗೆ ಅಂಟಿಕೊಂಡೇ ರಸ್ತೆ ಹೋಗುವ ಕಡೆಗಳಲ್ಲಿ ಗಟ್ಟಿ ತಡೆಗೋಡೆ ಕಟ್ಟಲು ಒಬ್ಬರಾದ ಮೇಲೆ ಒಬ್ಬರು ಸಾಯಬೇಕಾ ಅಂತ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆದರೆ ನಾಲೆಯ ಗುಣ ಬೇರೆ. ಅಲ್ಲಿ ನೀರು ವರ್ಷಪೂರ್ತಿ ಇರುವುದಿಲ್ಲ. ಕಟ್ಟು ಪದ್ಧತಿಯಲ್ಲಿ ಬಿಡುತ್ತಾರೆ, ನಿಲ್ಲಿಸುತ್ತಾರೆ. ಬೇಸಿಗೆಯಲ್ಲಿ ತಳ ಕಾಣುತ್ತದೆ. ಬರದ ವರ್ಷಗಳಲ್ಲಿ ನಾಲೆಗೆ ನೀರು ಬಿಡಿ ಅಂತ ರೈತರು ರಸ್ತೆಗೆ ಇಳಿದದ್ದು ನಿಮಗೇ ಗೊತ್ತು. ಆಧುನೀಕರಣದ ಕೆಲಸ ನಡೆದಾಗ ಹೂಳು ತೆಗೆದು ಕಾಂಕ್ರೀಟ್ ಹಾಕಿದ್ದಾರೆ. ಇಷ್ಟೆಲ್ಲ ಆಗಿಯೂ ಒಂದು ಕಾರು 1998ರಿಂದ ಅಲ್ಲಿ ಅಡಗಿ ಕೂತಿರುವುದು ಕಷ್ಟ. ನಾಲೆಗೆ ಬಿದ್ದಿದ್ದರೆ ಅದೇ ಬೇಸಿಗೆಯಲ್ಲಿ ದನ ಮೇಯಿಸುವ ಹುಡುಗರಿಗೆ ಸಿಗುತ್ತಿತ್ತು.

ಕಾರು ದಶಕಗಟ್ಟಲೆ ಅಡಗಬೇಕಾದರೆ ಎರಡು ವಿಷಯ ಬೇಕು. ನೀರು ಪೂರ್ತಿ ಬತ್ತಬಾರದು, ಮತ್ತು ರಸ್ತೆ ಆ ನೀರಿಗೆ ಹತ್ತಿರ ಇರಬೇಕು. ನಿಮ್ಮ ಸೀಮೆಯಲ್ಲಿ ನಾನಾಗಿದ್ದರೆ ಮೊದಲು ಕೈಬಿಟ್ಟ ಕಲ್ಲು ಕ್ವಾರಿಗಳನ್ನು ನೋಡುತ್ತಿದ್ದೆ. ಪಾಂಡವಪುರದ ಸುತ್ತ, ಬೇಬಿ ಬೆಟ್ಟದ ಕಡೆಯೆಲ್ಲ ಕಲ್ಲು ತೆಗೆದವರೇ. ಕ್ವಾರಿ ಗುಂಡಿಗೆ ಇಳಿಜಾರಿಲ್ಲ, ನೇರ ಗೋಡೆ. ಅಂಚಿನಲ್ಲೇ ಲಾರಿ ಓಡಾಡಿದ ಮಣ್ಣು ದಾರಿ ಇರುತ್ತದೆ, ರಾತ್ರಿ ಹೊಸಬರಿಗೆ ಅದೇ ರಸ್ತೆ ಅನ್ನಿಸುತ್ತದೆ. ಒಳಗೆ ಮಳೆ ನೀರು ನಿಂತು ಆಳವಾಗಿರುತ್ತದೆ, ಹರಿವಿಲ್ಲ, ಯಾರೂ ಇಳಿಯುವುದಿಲ್ಲ. ಆಮೇಲೆ ತೊಣ್ಣೂರಿನ ಕೆರೆಯಂಥ ಆಳದ ಕೆರೆಗಳು, ಅದರಲ್ಲೂ ಏರಿಯ ಮೇಲೆ ದಾರಿ ಇರುವಂಥವು. ಶ್ರೀರಂಗಪಟ್ಟಣದ ಹತ್ತಿರ ಹೊಳೆ ದಾಟುವ ಹಳೇ ಸೇತುವೆಗಳ ಅಕ್ಕಪಕ್ಕದ ಮಡುಗಳು. ಕೆಆರ್‌ಎಸ್ ಹಿನ್ನೀರನ್ನು ನಾನು ಪಟ್ಟಿಯಲ್ಲಿ ಕೆಳಗೆ ಇಡುತ್ತೇನೆ. ಬರ ಬಂದಾಗ ಅಲ್ಲಿ ನೀರು ತುಂಬಾ ಇಳಿಯುತ್ತದೆ, ಅಂಚುಗಳೆಲ್ಲ ಒಣಗುತ್ತವೆ. ಆಗಸ್ಟ್ ತಿಂಗಳು ಅಂದಿರಿ. ಮಳೆಗಾಲದಲ್ಲಿ ಕೆರೆಕಟ್ಟೆ ತುಂಬಿ, ರಸ್ತೆ ಯಾವುದು ನೀರು ಯಾವುದು ಅಂತ ಕತ್ತಲಲ್ಲಿ ಗೊತ್ತಾಗದೆ ಇರಬಹುದಾದ ಕಾಲ ಅದು.

ಉಳಿದಿರುತ್ತದಾ ಅಂತ ಕೇಳಿದಿರಿ. ಉಳಿದಿರುತ್ತದೆ. ಆಳದ ಸಿಹಿನೀರಿನ ತಳದಲ್ಲಿ ಆಮ್ಲಜನಕ ಕಮ್ಮಿ, ಹೂಳಿನೊಳಗಂತೂ ಇನ್ನೂ ಕಮ್ಮಿ. ತುಕ್ಕು ನಿಧಾನವಾಗಿ ಹಿಡಿಯುತ್ತದೆ. ನೀರು ಏರಿ ಇಳಿದು, ಕಾರು ಒಮ್ಮೆ ಒಣಗಿ ಒಮ್ಮೆ ನೆನೆಯುವ ಜಾಗದಲ್ಲಿ ಮಾತ್ರ ಬೇಗ ಹಾಳಾಗುತ್ತದೆ. ಮಾರುತಿ 800ರ ತಗಡು ತೆಳು, ಮೇಲ್ಮೈ ತೂತು ಬಿದ್ದಿರಬಹುದು. ಆದರೆ ಎಂಜಿನ್, ಗಾಜು, ಟೈರು, ಪ್ಲಾಸ್ಟಿಕ್, ಬೆಲ್ಟಿನ ಪಟ್ಟಿ ಎಲ್ಲ ಇರುತ್ತದೆ. ಹತ್ತಿ ಬಟ್ಟೆ ಕೊಳೆಯುತ್ತದೆ, ಪಾಲಿಯೆಸ್ಟರ್ ಉಳಿಯುತ್ತದೆ. ಮೂಳೆ, ಹಲ್ಲು ಹೂಳಿನಲ್ಲಿ ಚೆನ್ನಾಗಿಯೇ ಉಳಿಯುತ್ತವೆ. ಆ ಕಾಲದ ನಂಬರ್ ಪ್ಲೇಟ್ ಬಣ್ಣ ಬರೆದ ತಗಡು, ಅದನ್ನು ನೆಚ್ಚಿಕೊಳ್ಳಬೇಡಿ. ಚಾಸಿ ನಂಬರ್, ಎಂಜಿನ್ ನಂಬರ್ ಲೋಹದಲ್ಲೇ ಒತ್ತಿರುತ್ತಾರೆ. ನಿಮ್ಮ ಚಿಕ್ಕಮ್ಮನ ಪೆಟ್ಟಿಗೆಯಲ್ಲಿ ಹಳೇ ಆರ್‌ಸಿ, ಇನ್ಶೂರೆನ್ಸ್ ಕಾಗದ, ಕಾರು ಕೊಂಡ ರಸೀದಿ ಏನಾದರೂ ಇದ್ದರೆ ಇವತ್ತೇ ಹುಡುಕಿ ಫೋಟೊ ತೆಗೆದಿಡಿ. ಇಲ್ಲದಿದ್ದರೆ ಆರ್‌ಟಿಒ ಕಚೇರಿಯ ಹಳೇ ದಾಖಲೆಗೆ ಅರ್ಜಿ ಹಾಕಿ.

ಇನ್ನು ಸೋನಾರ್. ಇದು ಮಂತ್ರದಂಡ ಅಲ್ಲ. ದೋಣಿಯ ಎರಡೂ ಪಕ್ಕಕ್ಕೆ ಶಬ್ದದ ಅಲೆ ಕಳಿಸಿ, ವಾಪಸ್ ಬಂದದ್ದನ್ನು ಚಿತ್ರ ಮಾಡುತ್ತದೆ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದರೆ ಸಣ್ಣ ವಸ್ತುವಿಗೂ ಉದ್ದ ನೆರಳು ಬೀಳುತ್ತದಲ್ಲ, ಅದೇ ಲೆಕ್ಕ. ನಾವು ವಸ್ತುವಿಗಿಂತ ಅದರ ನೆರಳನ್ನು ಜಾಸ್ತಿ ನೋಡುತ್ತೇವೆ. ಬಂಡೆಯ ನೆರಳು ಅಂಕುಡೊಂಕು. ಕಾರಿನ ನೆರಳಿಗೆ ನೇರ ಅಂಚು ಇರುತ್ತದೆ, ಕಿಟಕಿ ಇದ್ದಲ್ಲಿ ನೆರಳಿನ ನಡುವೆ ಬೆಳಕು ತೂರಿದ ಹಾಗೆ ಕಾಣುತ್ತದೆ. ಹಿಂದೆ ಈ ಉಪಕರಣ ನೌಕಾಪಡೆ, ತೈಲ ಕಂಪನಿಗಳಂಥವರ ಹತ್ತಿರ ಮಾತ್ರ ಇರುತ್ತಿತ್ತು. 2005ರ ಸುಮಾರಿಗೆ ಮೀನು ಹಿಡಿಯುವವರ ಸಣ್ಣ ಯಂತ್ರಗಳಿಗೇ ಈ ಪಕ್ಕದ ನೋಟ ಬಂತು. ಅಮೆರಿಕದಲ್ಲಿ ಸ್ವಯಂಸೇವಕರು ಹಳೇ ಕೇಸುಗಳನ್ನು ಬಗೆಹರಿಸಲು ಶುರು ಮಾಡಿದ್ದು ಹೀಗೆ ಬೆಲೆ ಇಳಿದ ಮೇಲೆ. 1970ರ ಪೊಲೀಸರನ್ನು ಬೈದು ಪ್ರಯೋಜನ ಇಲ್ಲ, ಅವರ ಕೈಯಲ್ಲಿದ್ದದ್ದು ಕೊಕ್ಕೆ, ಹಗ್ಗ, ಡೈವರ್‌ಗಳ ಕೈ.

ಸೋನಾರ್‌ಗೆ ಕಾಣದ್ದೂ ಇದೆ. ಹೂಳಿನೊಳಗೆ ಪೂರ್ತಿ ಹೂತ ಕಾರು ಸಾಮಾನ್ಯ ಸೋನಾರ್‌ಗೆ ಕಾಣುವುದಿಲ್ಲ. ಆಗ ಕಬ್ಬಿಣದ ಇರುವಿಕೆ ಹಿಡಿಯುವ ಮ್ಯಾಗ್ನೆಟೋಮೀಟರ್ ಬೇಕು. ನಮ್ಮ ಕೆರೆಗಳಲ್ಲಿ ಜೊಂಡು, ಮುಳುಗಿದ ಜಾಲಿ ಮರ ಕಣ್ಣಿಗೆ ಮೋಸ ಮಾಡುತ್ತವೆ. ಕ್ವಾರಿಯಲ್ಲಿ ಶಬ್ದ ಕಲ್ಲಿನ ಗೋಡೆಗೆ ಬಡಿದು ಸುಳ್ಳು ಚಿತ್ರ ಬರುತ್ತದೆ. "ಆ ಕೆರೆ ಹುಡುಕಿ ಆಯ್ತು" ಅನ್ನೋ ಮಾತನ್ನೂ ಹಾಗೇ ನಂಬಬಾರದು. ಕ್ಯಾಲಿಫೋರ್ನಿಯಾದ ಟ್ರಕೀ ಹತ್ತಿರ 2022ರ ಆಗಸ್ಟ್‌ನಲ್ಲಿ 16 ವರ್ಷದ ಹುಡುಗಿಯೊಬ್ಬಳು ಕಾಣೆಯಾದಾಗ ಪೊಲೀಸರು ದೊಡ್ಡ ಪಡೆಯನ್ನೇ ಇಳಿಸಿದ್ದರು. ಪ್ರಾಸರ್ ಕ್ರೀಕ್ ಜಲಾಶಯದಲ್ಲೂ ನೋಡಿದ್ದರು. ಎರಡು ವಾರದ ಮೇಲೆ ಸ್ವಯಂಸೇವಕ ಡೈವರ್‌ಗಳಿಗೆ ಅದೇ ಜಲಾಶಯದಲ್ಲಿ, ದಡದಿಂದ ಸ್ವಲ್ಪವೇ ದೂರದಲ್ಲಿ ಕಾರು ಸಿಕ್ಕಿತು. ಯಾರೇ ಹುಡುಕಲಿ, ದೋಣಿ ಓಡಿದ ಗೆರೆಗಳ ನಕ್ಷೆ ಕೇಳಿ. ಗೆರೆಗಳ ನಡುವೆ ಖಾಲಿ ಬಿಟ್ಟಿದ್ದರೆ ಆ ಜಾಗ ಹುಡುಕಿಲ್ಲ ಅಂತಲೇ ಅರ್ಥ.

ನಿಮ್ಮ ಹತ್ತಿರ ಹಣ ಕೇಳಿದವರು ಯಾವ ನೀರಿನಲ್ಲಿ, ಎಷ್ಟು ವಿಸ್ತೀರ್ಣ, ಯಾವ ಉಪಕರಣ, ಯಾರ ಅನುಮತಿಯಲ್ಲಿ ಹುಡುಕುತ್ತಾರೆ ಅಂತ ಹೇಳಿದ್ದಾರಾ? ಜಾಗ ಗೊತ್ತುಮಾಡುವ ಮೊದಲೇ ದರ ಹೇಳುವವರು ನಿಮ್ಮ ದುಃಖಕ್ಕೆ ದರ ಕಟ್ಟಿದ್ದಾರೆ. ಕೆರೆ, ನಾಲೆ, ಜಲಾಶಯ ಎಲ್ಲಕ್ಕೂ ಒಂದೊಂದು ಇಲಾಖೆ ಇದೆ. ಕೆಆರ್‌ಎಸ್, ವಿ.ಸಿ. ನಾಲೆ ಕಾವೇರಿ ನೀರಾವರಿ ನಿಗಮದ್ದು. ಅನುಮತಿ ಇಲ್ಲದೆ ದೋಣಿ ಇಳಿಸಿದರೆ, ಡ್ರೋನ್ ಹಾರಿಸಿದರೆ ಕೇಸ್ ನಿಮ್ಮ ಮೇಲೆ ಬೀಳಬಹುದು. ಅದಕ್ಕಿಂತ ದೊಡ್ಡ ಅಪಾಯ ಜೀವದ್ದು. ಊರಿನ ಈಜು ಬಲ್ಲ ಹುಡುಗರನ್ನು ದಯವಿಟ್ಟು ಕ್ವಾರಿಗೆ ಇಳಿಸಬೇಡಿ. ತಳದಲ್ಲಿ ಹಳೇ ತಂತಿ, ಕಬ್ಬಿಣದ ಸರಳು, ಮರದ ಕೊಂಬೆ ಇರುತ್ತವೆ. ಕಾಲು ಸಿಕ್ಕಿಕೊಂಡರೆ ಮುಗಿಯಿತು.

ಹರಿಯುವ ನೀರಾದರೆ ಎಷ್ಟು ಕಷ್ಟ ಅಂತ ಶಿರೂರಿನಲ್ಲಿ ನಾವೆಲ್ಲ ನೋಡಿದ್ದೇವೆ. 2024ರ ಜುಲೈ 16ಕ್ಕೆ ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿ ಹೊಳೆಯ ಪಾಲಾಯಿತು. ಸೇನೆ, ನೌಕಾಪಡೆ, ಮಲ್ಪೆಯ ಈಶ್ವರ್ ಅವರಂಥ ಮುಳುಗುವವರು ಎಲ್ಲ ಬಂದರೂ ಗಂಗಾವಳಿಯ ಮಳೆಗಾಲದ ಸೆಳೆತ ಕೆಳಗಿಳಿಯಲು ಬಿಡಲಿಲ್ಲ. ಕೇರಳದ ಚಾಲಕನಿದ್ದ ಲಾರಿ ಸಿಕ್ಕಿದ್ದು ಗೋವಾದಿಂದ ಡ್ರೆಜರ್ ತರಿಸಿ ಮಣ್ಣು ತೆಗೆದ ಮೇಲೆ, ಸೆಪ್ಟೆಂಬರ್ 25ಕ್ಕೆ. ಯಾವ ಜಾಗದಲ್ಲಿ ಬಿದ್ದದ್ದು ಅಂತ ಹೆಚ್ಚುಕಮ್ಮಿ ಗೊತ್ತಿದ್ದ ಲಾರಿಗೇ ಇಷ್ಟು ದಿನ ಹಿಡಿಯಿತು.

ಎಲ್ಲಾದರೂ ಕಾರಿನ ಗುರುತು ಕಂಡಿತು ಅಂತಲೇ ಇಟ್ಟುಕೊಳ್ಳಿ. ಆಗ ನೀವು ಮಾಡಬೇಕಾದದ್ದು ಒಂದೇ, ಜಾಗ ಗುರುತು ಹಾಕಿಕೊಂಡು ಸ್ಟೇಷನ್‌ಗೆ ಹೋಗುವುದು. ಹಗ್ಗ ಕಟ್ಟಿ ಟ್ರ್ಯಾಕ್ಟರ್‌ನಿಂದ ಎಳೆಯಬೇಡಿ. ಹೂಳು ತುಂಬಿದ ಕಾರು ತನ್ನ ತೂಕದ ಎಷ್ಟೋ ಪಟ್ಟು ಭಾರ ಆಗಿರುತ್ತದೆ, ತುಕ್ಕು ಹಿಡಿದ ತಗಡು ಕಿತ್ತು ಬರುತ್ತದೆ, ಒಳಗಿದ್ದದ್ದೆಲ್ಲ ನೀರಿಗೆ ಹರಡಿಹೋಗುತ್ತದೆ. ಆರೆಗಾನ್‌ನಲ್ಲಿ 1958ರಲ್ಲಿ ಕಾಣೆಯಾದ ಒಂದು ಕುಟುಂಬದ ಫೋರ್ಡ್ ಕಾರನ್ನು ಕೊಲಂಬಿಯಾ ನದಿಯಿಂದ 2025ರ ಮಾರ್ಚ್‌ನಲ್ಲಿ ಕ್ರೇನ್ ಹಾಕಿ ಎತ್ತುವಾಗ, ಅಷ್ಟು ಸಿದ್ಧತೆ ಮಾಡಿಕೊಂಡಿದ್ದರೂ, ಬರೀ ಕೆಳಗಿನ ಚೌಕಟ್ಟು ಮಾತ್ರ ಬಂತು. ಸರಿಯಾಗಿ ಮಾಡುವವರು ಆಕ್ಸಲ್‌ಗೆ ಸರಪಳಿ ಹಾಕಿ, ನೀರಿನ ಮಟ್ಟಕ್ಕೆ ತಂದು ನಿಲ್ಲಿಸಿ, ಕಿಟಕಿಗೆ ಬಲೆ ಕಟ್ಟಿ ನಿಧಾನವಾಗಿ ನೀರು ಇಳಿಯಲು ಬಿಡುತ್ತಾರೆ. ಆಮೇಲೆ ಒಳಗಿನ ಹೂಳನ್ನು ಬೊಗಸೆ ಬೊಗಸೆಯಾಗಿ ತೆಗೆದು ಜರಡಿ ಹಿಡಿಯುತ್ತಾರೆ. ಒಂದು ಹಲ್ಲು, ಒಂದು ಉಂಗುರ, ಒಂದು ಕೀಲಿಕೈ ಸಿಗುವುದು ಆ ಜರಡಿಯಲ್ಲೇ. ಗೇರ್ ಯಾವುದರಲ್ಲಿತ್ತು, ಲೈಟ್ ಹಾಕಿತ್ತಾ, ಗಾಜು ಇಳಿಸಿತ್ತಾ ಅನ್ನೋದೂ ಮಹಜರಿನಲ್ಲಿ ಬರಬೇಕು. ಅಪಘಾತವೋ ಬೇರೇನೋ ಅಂತ ಅದರಿಂದಲೇ ಹೇಳಲು ಸಾಧ್ಯ. ಪಾಲುದಾರನ ವಿಷಯ ಇತ್ಯರ್ಥವಾಗುವುದಿದ್ದರೂ ಅಲ್ಲೇ.

ಗುರುತು ಹಿಡಿಯಲು ಡಿಎನ್‌ಎ ಇದೆ. ಚಿಕ್ಕಪ್ಪನಿಗೆ ಮಕ್ಕಳಿದ್ದರೆ ಅವರ ಮಾದರಿ ಬೇಕು. ಹಳೇ ಮೂಳೆಯಲ್ಲಿ ಜಾಸ್ತಿ ಕಾಲ ಉಳಿಯುವುದು ತಾಯಿಯ ಕಡೆಯಿಂದ ಬರುವ ಮೈಟೋಕಾಂಡ್ರಿಯಾದ ಡಿಎನ್‌ಎ. ಅದಕ್ಕೆ ಹೊಂದಿಸಿ ನೋಡಲು ಒಡಹುಟ್ಟಿದವರು ಬೇಕು, ಅಂದರೆ ನಿಮ್ಮ ಅಪ್ಪ. ಅವರ ವಯಸ್ಸಿನ ಕಾರಣ ಹೇಳಿ, ಮಾದರಿ ತೆಗೆದಿಡಲು ಸಾಧ್ಯವಾ ಅಂತ ಸ್ಟೇಷನ್‌ನಲ್ಲಿ ಲಿಖಿತವಾಗಿ ಕೇಳಿ. ಹೋಗುವಾಗ 1998ರ ಕಂಪ್ಲೇಂಟ್ ಪ್ರತಿಗೂ ಅರ್ಜಿ ಹಾಕಿ. ಅದು ಇಲ್ಲದೆ ಮುಂದಿನ ಯಾವ ಹೆಜ್ಜೆಯೂ ಆಗುವುದಿಲ್ಲ.

ಚಿಕ್ಕಮ್ಮನ ಬಗ್ಗೆ ನೀವು ಏನೂ ಬರೆದಿಲ್ಲ, ಆದರೂ ಹೇಳುತ್ತೇನೆ. ಆಸ್ತಿ, ಬ್ಯಾಂಕು, ಪಿಂಚಣಿ ಇಂಥದ್ದಕ್ಕೆ ಅವರು ಕಾರು ಸಿಗುವ ತನಕ ಕಾಯಬೇಕಾಗಿಲ್ಲ. ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಆ ವ್ಯಕ್ತಿ ಬದುಕಿದ್ದಾನೆ ಅನ್ನುವವರೇ ಅದನ್ನು ಸಾಬೀತು ಮಾಡಬೇಕು ಅಂತ ಕಾನೂನು ಹೇಳುತ್ತದೆ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇದು 108ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111ನೇದು. ಸಿವಿಲ್ ಕೋರ್ಟಿನಲ್ಲಿ ಘೋಷಣೆ ಪಡೆದರೆ ಮರಣ ಪ್ರಮಾಣಪತ್ರಕ್ಕೆ ದಾರಿಯಾಗುತ್ತದೆ. ಸತ್ತರು ಅಂತ ಒಪ್ಪಿಕೊಂಡ ಹಾಗಾಗುತ್ತದೆ ಅಂತ ಎಷ್ಟೋ ಮನೆಗಳಲ್ಲಿ ಹೆಂಗಸರು ಇದನ್ನು ಮಾಡಲು ಹಿಂಜರಿಯುತ್ತಾರೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಕೋರ್ಟಿಗೆ ಹೋದರೂ ಹುಡುಕಾಟ ನಿಲ್ಲಿಸಬೇಕಾಗಿಲ್ಲ. ಒಬ್ಬ ಒಳ್ಳೆ ವಕೀಲರ ಹತ್ತಿರ ಅವರನ್ನು ಕರೆದುಕೊಂಡು ಹೋಗಿ.

ಕೊನೆಗೆ ಅಪ್ಪನ ವಿಷಯ. ಅವರ ಹತ್ತಿರ ಎತ್ತಿ. ನಿಮ್ಮ ಹುಡುಕಾಟಕ್ಕೆ ಈಗ ಅವರಿಗಿಂತ ಒಳ್ಳೆ ಉಪಕರಣ ಇಲ್ಲ. ಕಾರು ಸಿಕ್ಕೇ ಸಿಗುತ್ತದೆ ಅಂತ ಆಸೆ ಹುಟ್ಟಿಸಬೇಡಿ, ವಿಡಿಯೋನೂ ತೋರಿಸಬೇಡಿ. ತಮ್ಮ ಯಾವ ದಾರಿಯಲ್ಲಿ ಹೋಗುತ್ತಿದ್ದ ಅಂತ ಮಾತ್ರ ಕೇಳಿ. 1998ರಲ್ಲಿ ಆ ರಸ್ತೆ ಈಗಿನ ಹಾಗೆ ಇರಲಿಲ್ಲ. ಅಗಲ ಮಾಡಿದ್ದಾರೆ, ತಿರುವು ನೇರ ಮಾಡಿದ್ದಾರೆ, ಸೇತುವೆ ಬದಲಾಗಿದೆ. ಈಗ ರಸ್ತೆಯಿಂದ ದೂರ ಕಾಣುವ ಕೆರೆ ಆಗ ರಸ್ತೆಯ ಅಂಚಿನಲ್ಲೇ ಇದ್ದಿರಬಹುದು. ತಮ್ಮನಿಗೆ ಒಳದಾರಿ ಹಿಡಿಯುವ ಅಭ್ಯಾಸ ಇತ್ತಾ, ದಾರಿಯಲ್ಲಿ ಯಾರ ಮನೆಗಾದರೂ ಹೋಗುತ್ತಿದ್ದರಾ, ಆ ವಾರ ಮಳೆ ಎಷ್ಟಿತ್ತು, ಕಾರಿನ ಒಂದು ಲೈಟು ಸರಿ ಇರಲಿಲ್ವಾ, ಇಂಥವು ಅವರಿಗೆ ಮಾತ್ರ ನೆನಪಿರುತ್ತವೆ. ಮೈ ಸರಿ ಇದ್ದರೆ ಒಂದು ದಿನ ಹಗಲು ಹೊತ್ತಿನಲ್ಲಿ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಳೇ ರಸ್ತೆ ಯಾವುದಿತ್ತೋ ಅದರಲ್ಲೇ ಹೋಗಿ. ಆ ರಸ್ತೆಯಿಂದ ಸುಮಾರು ನೂರು ಮೀಟರ್ ಒಳಗೆ ಬರುವ ಪ್ರತಿ ಕೆರೆ, ಕಟ್ಟೆ, ಕ್ವಾರಿ, ಮಡು ಎಲ್ಲವನ್ನೂ ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿ. ಮನೆಗೆ ಬಂದ ಮೇಲೆ ಗೂಗಲ್ ಅರ್ಥ್‌ನಲ್ಲಿ ಅವೇ ಜಾಗಗಳ ಹಳೇ ವರ್ಷದ ಚಿತ್ರಗಳನ್ನು, ಅದರಲ್ಲೂ ಬರದ ವರ್ಷಗಳ ಬೇಸಿಗೆಯದನ್ನು, ತೆಗೆದು ನೋಡಿ. ಯಾವುದು ಪೂರ್ತಿ ಬತ್ತಿದೆಯೋ ಅದನ್ನು ಹೊಡೆದುಹಾಕಿ. ಬತ್ತದೆ ಉಳಿದವು ಬಹುಶಃ ಬೆರಳೆಣಿಕೆಯಷ್ಟೇ ಇರುತ್ತವೆ. ಆ ಪಟ್ಟಿ, ಕಂಪ್ಲೇಂಟಿನ ಪ್ರತಿ, ಚಾಸಿ ನಂಬರ್, ಈ ಮೂರೂ ಕೈಗೆ ಬಂದ ಮೇಲೆ ಮತ್ತೆ ಬರೆಯಿರಿ. ಯಾವ ನೀರಿಗೆ ಮೊದಲು ದೋಣಿ ಇಳಿಸಬೇಕು, ಯಾವ ಇಲಾಖೆಗೆ ಹೇಗೆ ಅರ್ಜಿ ಬರೆಯಬೇಕು ಅಂತ ನಿಮ್ಮ ಜೊತೆ ಕೂತು ನೋಡುತ್ತೇನೆ. ಅದಕ್ಕೆ ನನಗೆ ದುಡ್ಡು ಬೇಡ.